ಸಹಾರಾದ ಬ್ಲೂಸ್ ಅಮೆರಿಕದಿಂದ ಬಂದದ್ದಾ?

ಪ್ರಶ್ನೆ: ಸಹಾರಾ ಮರುಭೂಮಿಯ ಅಲೆಮಾರಿ ಟುವಾರೆಗ್ ಜನರ ಗಿಟಾರ್ ಸಂಗೀತ ‘ಡೆಸರ್ಟ್ ಬ್ಲೂಸ್’, ಅಮೆರಿಕದ ಕಪ್ಪು ಜನರ ಬ್ಲೂಸ್ ಹಾಡು ಕೇಳಿ ಕಲಿತದ್ದಾ?

ಅಲ್ಲ. ಆ ಹೆಸರೇ ಹೊರಗಿನವರು ಇಟ್ಟದ್ದು. ನುಡಿಸುವವರ ತಮಾಶೆಕ್ ಭಾಷೆಯಲ್ಲಿ ಇದು ‘ಅಸ್ಸೂಫ್’. ಒಂಟಿತನ, ಹಂಬಲ, ಬಟಾಬಯಲಲ್ಲಿ ಮನಸ್ಸಿಗಾಗುವ ಖಾಲಿತನ, ಎಲ್ಲಾ ಆ ಒಂದೇ ಮಾತಿನಲ್ಲಿದೆ.

ಬೇರು ಹುಡುಕಬೇಕಾದರೆ ಹೆಂಗಸರ ಹತ್ತಿರ ಹೋಗಬೇಕು. ಕಾಳು ಕುಟ್ಟುವ ಒರಳಿನ ಬಾಯಿಗೆ ಒದ್ದೆ ಮೇಕೆ ಚರ್ಮ ಬಿಗಿಯುತ್ತಾರೆ. ಎರಡೂ ಬದಿಗೆ ಒನಕೆ ಕಟ್ಟಿ, ಅದರ ಮೇಲೆ ಇಬ್ಬರು ಕೂತರೆ ಚರ್ಮ ಬಿಗಿಯಾಗುತ್ತದೆ. ಅದೇ ‘ತೆಂಡೆ’. ಕೆಲಸ ಮುಗಿದ ಮೇಲೆ ಒರಳೇ ವಾದ್ಯ! ಸುತ್ತಲೂ ಚಪ್ಪಾಳೆ, ಹಾಡು, ಒಂಟೆ ನಡಿಗೆಯಂಥ ತೂಗುವ ಲಯ. ಇನ್ನೊಂದು ‘ಇಮ್ಜಾದ್’, ಕುದುರೆ ಕೂದಲಿನ ಒಂದೇ ತಂತಿಯ ಪಿಟೀಲು. ಅದನ್ನು ನುಡಿಸುವುದು ಹೆಂಗಸರು ಮಾತ್ರ. 2013ರಲ್ಲಿ ಯುನೆಸ್ಕೋ ಪಟ್ಟಿಗೂ ಸೇರಿತು.

ಹಾಗಾದರೆ ಗಿಟಾರ್ ಬಂದದ್ದೆಲ್ಲಿಂದ? ಗುಳೆ ಹೋದ ಹುಡುಗರಿಂದ. 1963ರಲ್ಲಿ ಮಾಲಿ ಸರ್ಕಾರದ ವಿರುದ್ಧ ಟುವಾರೆಗರು ಎದ್ದ ದಂಗೆಯನ್ನು ಸೈನ್ಯ ತುಳಿದುಹಾಕಿತು. ಆಮೇಲೆ ಎಪ್ಪತ್ತು, ಎಂಬತ್ತರ ದಶಕದ ಬರಗಳಲ್ಲಿ ದನಕರು ಸತ್ತವು. ಹುಡುಗರು ಕೂಲಿ ಹುಡುಕಿ ಅಲ್ಜೀರಿಯಾ, ಲಿಬಿಯಾಗೆ ನಡೆದರು. ಫ್ರೆಂಚಿನಲ್ಲಿ ನಿರುದ್ಯೋಗಿಗೆ ‘ಶೋಮರ್’ ಅನ್ನುತ್ತಾರೆ. ಇವರು ‘ಇಶುಮಾರ್’ ಆದದ್ದು ಅದರಿಂದಲೇ.

ಅವರಲ್ಲೊಬ್ಬ ಇಬ್ರಾಹಿಂ ಅಗ್ ಅಲ್‌ಹಬೀಬ್. ಆ ದಂಗೆಯಲ್ಲಿ ಅಪ್ಪನನ್ನು ಕಳೆದುಕೊಂಡವನು. ತಗಡಿನ ಡಬ್ಬ, ಕೋಲು, ಸೈಕಲ್ ತಂತಿ ಸೇರಿಸಿ ತಾನೇ ಗಿಟಾರ್ ಮಾಡಿಕೊಂಡಿದ್ದ. ಗೆಳೆಯರ ಜೊತೆ ಅಲ್ಜೀರಿಯಾದ ತಮನ್‌ರಾಸೆಟ್‌ನಲ್ಲಿ ಅವನು ಕಟ್ಟಿದ ತಂಡವೇ ತಿನಾರಿವೆನ್. ರೇಡಿಯೋದಲ್ಲಿ ಇವರ ಹಾಡು ಯಾರು ಹಾಕುತ್ತಾರೆ? ಹಾಡುಗಳು ಕ್ಯಾಸೆಟ್‌ನಿಂದ ಕ್ಯಾಸೆಟ್‌ಗೆ ನಕಲಾಗಿ ಮರುಭೂಮಿ ದಾಟಿದವು. 2012ರಲ್ಲಿ ಗ್ರ್ಯಾಮಿ ಪ್ರಶಸ್ತಿಯೂ ಬಂತು.

ಮತ್ತೆ ಬ್ಲೂಸ್ ಥರ ಯಾಕೆ ಕೇಳಿಸುತ್ತದೆ? ಹೆಚ್ಚಾಗಿ ಐದೇ ಸ್ವರ, ನಮ್ಮ ಮೋಹನ, ಹಿಂದೋಳದ ಹಾಗೆ. ಹೆಬ್ಬೆರಳು ಕೆಳಸ್ವರದ ತಂತಿಯನ್ನು ತಂಬೂರಿ ಶ್ರುತಿಯಂತೆ ಬಿಡದೆ ಮೀಟುತ್ತಿರುತ್ತದೆ. ಅಮೆರಿಕದ ಬ್ಲೂಸ್‌ಗೂ ಪಶ್ಚಿಮ ಆಫ್ರಿಕಾದಿಂದ ಗುಲಾಮರಾಗಿ ಹೋದವರ ಹಾಡೇ ಬೇರು. ದೂರದ ದಾಯಾದಿಗಳು ಅನ್ನಬಹುದು. ಹಾಗಂತ ಇವರು ಹೊರಗಿನದನ್ನು ಕೇಳಲೇ ಇಲ್ಲ ಅಂತಲ್ಲ. ನೈಜರ್‌ನ ಟುವಾರೆಗ್ ಗಿಟಾರ್ ವಾದಕ ಬೊಂಬಿನೋ, ಅಮೆರಿಕದ ರಾಕ್ ಗಿಟಾರ್ ವಾದಕ ಜಿಮಿ ಹೆಂಡ್ರಿಕ್ಸ್‌ನ ವಿಡಿಯೋ ನೋಡಿ ಬೆಳೆದವನು.

ನನಗೆ ಜಾಸ್ತಿ ಇಷ್ಟವಾದದ್ದು ಈಚಿನ ಬೆಳವಣಿಗೆ. ನೈಜರ್‌ನ ಇಲ್ಲಿಗದಾದ್ ಹಳ್ಳಿಯ ಫಾತೂ ಸೈದಿ ಘಾಲಿ ಅಣ್ಣನ ಗಿಟಾರ್ ಹಿಡಿದು ತಾನಾಗಿಯೇ ಕಲಿತಳು. ಅವಳಿರುವ ಹುಡುಗಿಯರ ತಂಡದಲ್ಲಿ ಗಿಟಾರ್ ಪಕ್ಕದಲ್ಲೇ ತೆಂಡೆಯೂ ಇದೆ.