ನಂದಿಗೆ ಕಂಡದ್ದು ಚಿಕ್ಕಬಳ್ಳಾಪುರಕ್ಕೆ ಕಾಣದೆ ಹೋಗಬಹುದು

‘ಬಾಹ್ಯಾಕಾಶ ನಿಲ್ದಾಣ ಸೂರ್ಯನ ಮುಂದೆ ಹಾದುಹೋಗಲಿದೆ, ನಮ್ಮ ಜಿಲ್ಲೆಯಲ್ಲೂ ಗೋಚರ.’ ಇಂಥ ಸಂದೇಶ ಮೊಬೈಲಿಗೆ ಬಂದರೆ ಮೊದಲು ಕೇಳಬೇಕಾದ ಪ್ರಶ್ನೆ: ಜಿಲ್ಲೆಯ ಯಾವ ಊರಿನಲ್ಲಿ?

ಸೂರ್ಯಬಿಂಬದ ಮೇಲೆ ಕಪ್ಪು ಚುಕ್ಕಿ ಸರಿಯುವುದನ್ನು ಕಾಯುವ ಗೀಳು ಹಳೆಯದು. 1874, 1882, 2004, 2012ರಲ್ಲಿ ಆ ಚುಕ್ಕಿ ಶುಕ್ರ. 2012ರ ಜೂನ್ 6ರಂದು ಸೂರ್ಯ ಹುಟ್ಟುವಾಗಲೇ ಬಿಂಬದ ಮೇಲಿದ್ದ ಶುಕ್ರ, ಬೆಳಗ್ಗೆ ಹತ್ತು ದಾಟುವವರೆಗೂ ಸರಿಯುತ್ತಲೇ ಇದ್ದ. ಮೋಡ ಅಡ್ಡ ಬಂದರೂ ಕಾಯಲು ಹೊತ್ತಿತ್ತು. ಮತ್ತೆ ಅವನು ಬರುವುದು 2117ಕ್ಕೆ.

1998ರಲ್ಲಿ ಕಟ್ಟತೊಡಗಿದ ಅಂತರರಾಷ್ಟ್ರೀಯ ಬಾಹ್ಯಾಕಾಶ ನಿಲ್ದಾಣ ಅಷ್ಟು ಕಾಯಿಸುವುದಿಲ್ಲ, ಅಷ್ಟು ನಿಲ್ಲುವುದೂ ಇಲ್ಲ. 2006ರಲ್ಲಿ ಫ್ರಾನ್ಸಿನ ಛಾಯಾಗ್ರಾಹಕ ಥಿಯೆರಿ ಲೆಗೊ, ನಿಲ್ದಾಣ ಮತ್ತು ಅಟ್ಲಾಂಟಿಸ್ ನೌಕೆ ಎರಡನ್ನೂ ಸೂರ್ಯನ ಮುಂದೆ ಒಂದೇ ಚಿತ್ರದಲ್ಲಿ ಹಿಡಿದ ಮೇಲೆ ಹವ್ಯಾಸಿಗಳಿಗೆ ಹುಚ್ಚು ಹತ್ತಿತು.

ಗೋಜಲು ಇರುವುದು ಲೆಕ್ಕದಲ್ಲಿ. ಸುಮಾರು 400 ಕಿಲೋಮೀಟರ್ ಎತ್ತರದಲ್ಲಿ ಸೆಕೆಂಡಿಗೆ ಏಳೂವರೆ ಕಿಲೋಮೀಟರಿಗೂ ಮಿಕ್ಕಿ ಓಡುವ ನಿಲ್ದಾಣ, ಸೂರ್ಯ ನೆತ್ತಿಯ ಮೇಲಿದ್ದಾಗ ಅರ್ಧ ಸೆಕೆಂಡಿನಲ್ಲಿ ಬಿಂಬ ದಾಟುತ್ತದೆ. ಆಗ ಅದು ಕಾಣುವ ನೆಲದ ಪಟ್ಟಿಯ ಅಗಲ ಬರೀ ನಾಲ್ಕು ಕಿಲೋಮೀಟರ್. ಸೂರ್ಯ ಇಳಿದಂತೆ ಪಟ್ಟಿ ಅಗಲವಾಗುತ್ತದೆ, ನಿಲ್ದಾಣವೂ ದೂರವಾಗಿ ಚಿಕ್ಕದಾಗುತ್ತದೆ. ನಂದಿಬೆಟ್ಟದಲ್ಲಿ ಕಂಡದ್ದು ಚಿಕ್ಕಬಳ್ಳಾಪುರ ಪೇಟೆಯಲ್ಲಿ ಕಾಣದೆ ಹೋಗಬಹುದು. ಸಾಲದ್ದಕ್ಕೆ, ಆ ಎತ್ತರದಲ್ಲೂ ಉಳಿದಿರುವ ತೆಳು ಗಾಳಿ ನಿಲ್ದಾಣವನ್ನು ಕೆಳಕ್ಕೆ ಎಳೆಯುತ್ತದೆ, ಆಗಾಗ ಎಂಜಿನ್ ಉರಿಸಿ ಮೇಲೆತ್ತುತ್ತಾರೆ. ಹಾಗಾಗಿ ಎರಡು ವಾರದ ಹಿಂದಿನ ಲೆಕ್ಕ ಹಳಸಿದ ಅನ್ನ. ಹಿಂದಿನ ದಿನದ ಲೆಕ್ಕವೇ ಬೇಕು. ಸಂದೇಶ ಹಂಚುವವರಿಗೆ ಇಷ್ಟು ವ್ಯವಧಾನ ಇದ್ದಂತೆ ತೋರುವುದಿಲ್ಲ.

ಸಂಜೆ ನಕ್ಷತ್ರದಂತೆ ಹೊಳೆಯುತ್ತಾ ಹೋಗುವ ನಿಲ್ದಾಣವನ್ನು ಬರಿಗಣ್ಣಲ್ಲಿ ಇಡೀ ಜಿಲ್ಲೆ ನೋಡಬಹುದು. ಅದು ಬೇರೆ, ಇದು ಬೇರೆ. 2023ರಲ್ಲಿ ಹಾರಿದ ಆದಿತ್ಯ-ಎಲ್1 ನೌಕೆಯನ್ನೂ ಕೆಲವರು ಇದಕ್ಕೆ ತಳುಕು ಹಾಕುತ್ತಾರೆ. ಅದು 15 ಲಕ್ಷ ಕಿಲೋಮೀಟರ್ ಆಚೆ ಇದೆ, ಯಾವ ಹವ್ಯಾಸಿಯ ದೂರದರ್ಶಕಕ್ಕೂ ಸಿಗದು. ಮೇಲಾಗಿ ಸೂರ್ಯನ ರೇಡಿಯೊ ಗದ್ದಲ ಸಂಪರ್ಕಕ್ಕೆ ಅಡ್ಡಿಯಾಗದಿರಲೆಂದು ಅದರ ಕಕ್ಷೆಯೇ ಬಿಂಬದ ಮುಂದೆ ಬಾರದೆ ಸುತ್ತಿಕೊಂಡು ಹೋಗುತ್ತದೆ.

2019ರ ಗ್ರಹಣಕ್ಕೆ ಕೊಂಡ ಕನ್ನಡಕ ಸಾಲದು. ನೆತ್ತಿಯ ಮೇಲಿದ್ದಾಗಲೂ ನಿಲ್ದಾಣ ಬಿಂಬದ ಅಗಲದ ಮೂವತ್ತರಲ್ಲಿ ಒಂದು ಪಾಲು. ಮುಂಗಾಜಿಗೆ ಬಿಸಿಲು ತಗ್ಗಿಸುವ ಸೌರ ಶೋಧಕ (ಫಿಲ್ಟರ್) ಕಟ್ಟಿದ ದೂರದರ್ಶಕ ಬೇಕು, ಅದಕ್ಕೊಂದು ವಿಡಿಯೊ ಕ್ಯಾಮೆರಾ. ಸೆಕೆಂಡಿಗೆ 30 ಚಿತ್ರ ತೆಗೆದರೂ ಕೈಗೆ ಉಳಿಯುವುದು ಹದಿನೈದು.