ಟೀವಿ ನೋಡ್ತಾ ಕೂತಿದ್ದವರು

1972ರ ಸೆಪ್ಟೆಂಬರ್ 5, ಮ್ಯೂನಿಕ್ ಒಲಿಂಪಿಕ್ಸ್. ಇಸ್ರೇಲಿ ತಂಡದವರನ್ನು ಒತ್ತೆ ಇಟ್ಟುಕೊಂಡಿದ್ದ ಕಟ್ಟಡದ ಮೇಲೆ ಜರ್ಮನ್ ಪೊಲೀಸರು ಆಟಗಾರರ ಟ್ರ್ಯಾಕ್‌ಸೂಟ್ ಹಾಕಿಕೊಂಡು ಮೆಲ್ಲಗೆ ಹತ್ತುತ್ತಿದ್ದರು. ಅದು ಟೀವಿಯಲ್ಲಿ ಲೈವ್ ಬರ್ತಿತ್ತು. ಒಳಗಿದ್ದ ಉಗ್ರರ ರೂಮಿನಲ್ಲೂ ಟೀವಿ ಇತ್ತು! ಯಾರೂ ಕರೆಂಟ್ ತೆಗೆದಿರಲಿಲ್ಲ. ಪೊಲೀಸರು ಬಂದ ದಾರಿಯಲ್ಲೇ ಇಳಿದರು.

ರಾತ್ರಿ ವಿಮಾನ ನೆಲೆಯಲ್ಲಿ ಮತ್ತೆ ಹೊಂಚು ಹಾಕಿದರು. ಉಗ್ರರು ಎಂಟು ಜನ, ಅವರಿಗೆ ಗುರಿ ಇಟ್ಟವರು ಐದೇ ಜನ. ಆ ಐವರಿಗೆ ಒಬ್ಬರಿಗೊಬ್ಬರು ಮಾತಾಡಲು ವಾಕಿಟಾಕಿ ಇಲ್ಲ, ಕತ್ತಲಲ್ಲಿ ಕಾಣುವ ದುರ್ಬೀನಿಲ್ಲ. ಬೆಳಗಾಗುವಷ್ಟರಲ್ಲಿ ಹನ್ನೊಂದು ಒತ್ತೆಯಾಳುಗಳೂ ಸತ್ತಿದ್ದರು. ಹೊಂಚು ಹಾಕುವಾಗ ಎದುರಿಗೆ ಎಷ್ಟು ಜನ ಇದ್ದಾರೆ ಅನ್ನೋದೇ ಪೊಲೀಸರಿಗೆ ಗೊತ್ತಿರಲಿಲ್ಲ.

ಮೂರೇ ವಾರದಲ್ಲಿ ಪಶ್ಚಿಮ ಜರ್ಮನಿ ತನ್ನ ಗಡಿ ಪೊಲೀಸ್ ಒಳಗೇ ಹೊಸದೊಂದು ಪಡೆ ಕಟ್ಟಲು ಆದೇಶ ಹೊರಡಿಸಿತು, ಅದೇ ಜಿಎಸ್‌ಜಿ 9. (ಜಿಎಸ್‌ಜಿ ಅಂದ್ರೆ ಜರ್ಮನ್‌ನಲ್ಲಿ ಗಡಿ ರಕ್ಷಣಾ ಗುಂಪು. ಆಗಲೇ ಎಂಟು ಗುಂಪುಗಳಿದ್ದವು, ಇದು ಒಂಬತ್ತನೆಯದು, ಅಷ್ಟೇ.) ಉಲ್ರಿಕ್ ವೆಗೆನರ್ ಅದರ ಮೊದಲ ಮುಖ್ಯಸ್ಥ. ಐದೈದು ಜನರ ಸಣ್ಣ ತಂಡಗಳು. ನೀರಿನಲ್ಲಿ ಕೆಲಸ ಮಾಡುವವರು ಬೇರೆ, ಪ್ಯಾರಾಚೂಟ್‌ನಲ್ಲಿ ಇಳಿಯುವವರು ಬೇರೆ. ಇಂಥ ಪಡೆಗಳಲ್ಲಿ ಸ್ನೈಪರ್ ಅಂದ್ರೆ ಗುಂಡು ಹೊಡೆಯೋನು ಅಂತ ನಾವಂದುಕೊಳ್ತೀವಿ, ಆದರೆ ಅವನು ಜಾಸ್ತಿ ಹೊತ್ತು ಮಾಡೋದು ದುರ್ಬೀನಿನಲ್ಲಿ ನೋಡ್ತಾ ಕಿಟಕಿಯಲ್ಲಿ ಯಾರು ಬಂದರು, ಕೈಯಲ್ಲಿ ಏನಿದೆ ಅಂತ ಹೇಳೋ ಕೆಲಸವನ್ನೇ.

ಪರೀಕ್ಷೆ ಬಂದಿದ್ದು 1977ರ ಅಕ್ಟೋಬರ್ 17ರ ರಾತ್ರಿ ಕಳೆದು 18 ಶುರುವಾದ ಮೇಲೆ, ಸೊಮಾಲಿಯಾದ ಮೊಗದಿಶುವಿನಲ್ಲಿ. ಅಪಹರಣವಾದ ಲುಫ್ತಾನ್ಸಾ ವಿಮಾನ, 86 ಪ್ರಯಾಣಿಕರು, ನಾಲ್ವರು ಅಪಹರಣಕಾರರು. ಪೈಲಟ್‌ನನ್ನು ಅವರು ಏಡನ್‌ನಲ್ಲೇ ಕೊಂದಿದ್ದರು. ಈ ಸಲ ಏನು ನೋಡಬೇಕು ಅನ್ನೋದನ್ನು ಪೊಲೀಸರೇ ತೀರ್ಮಾನಿಸಿದರು. ವಿಮಾನದ ಮುಂದೆ ಸೊಮಾಲಿ ಸೈನಿಕರು ಬೆಂಕಿ ಹಾಕಿದರು, ಅದೇನು ಅಂತ ನೋಡಲು ಅಪಹರಣಕಾರರು ಕಾಕ್‌ಪಿಟ್ ಕಡೆ ಹೋದರು, ಅಷ್ಟರಲ್ಲಿ ಹಿಂದಿನಿಂದ ಕಪ್ಪು ಬಣ್ಣ ಬಳಿದ ಏಣಿಗಳು ಬಂದು ಬಾಗಿಲಿಗೆ ಒರಗಿದ್ದವು. 'ಎಲ್ಲರೂ ತಲೆ ಬಗ್ಗಿಸಿ' ಅಂತ ಕೂಗಿದ್ದು ಜರ್ಮನ್‌ನಲ್ಲಿ. ಕೆಲವೇ ನಿಮಿಷದಲ್ಲಿ ಮುಗೀತು, 86 ಜನರೂ ಬದುಕಿದರು.

ಜೊತೆಗೆ ಬ್ರಿಟನ್ನಿನ ಇಬ್ಬರು ಕಮಾಂಡೋಗಳು ತಂದಿದ್ದ ಹೊಸ ಸಾಮಾನೊಂದಿತ್ತು, ಸ್ಟನ್ ಗ್ರೆನೇಡ್, ಅಂದ್ರೆ ಕೊಲ್ಲೋಕಲ್ಲ, ಜೋರು ಬೆಳಕು, ಸದ್ದಿನಿಂದ ಎದುರಿನವರನ್ನು ದಂಗುಬಡಿಸೋಕೆ ಎಸೆಯುವ ಗ್ರೆನೇಡ್. ಕ್ಯಾಮೆರಾ ಫ್ಲಾಶ್ ಮುಖಕ್ಕೇ ಹೊಡೆದರೆ ಸ್ವಲ್ಪ ಹೊತ್ತು ಕಣ್ಣ ಮುಂದೆ ಒಂದು ಚುಕ್ಕೆ ತೇಲುತ್ತೆ ಅಲ್ವಾ? ಕಣ್ಣಿನ ಹಿಂದಿನ ಪದರದಲ್ಲಿ ಬೆಳಕು ಹಿಡಿಯುವ ಬಣ್ಣದ ವಸ್ತು ಒಮ್ಮೆಲೇ ಖಾಲಿಯಾಗಿ, ಮತ್ತೆ ತುಂಬಲು ಹೊತ್ತು ಹಿಡಿಯುತ್ತೆ. ಇಲ್ಲಿ ಅದೇ, ಎಷ್ಟೋ ಪಟ್ಟು ಜೋರಾಗಿ. ಸದ್ದಂತೂ ಜಾತ್ರೆಯ ಗರ್ನಾಲು ಕಿವಿ ಪಕ್ಕದಲ್ಲೇ ಸಿಡಿದ ಹಾಗೆ, 170 ಡೆಸಿಬಲ್ ಆಸುಪಾಸು. ಇದರಿಂದ ಪೊಲೀಸರಿಗೆ ಸಿಗೋದು ನಾಲ್ಕೈದು ಸೆಕೆಂಡ್. ಬೆಳಕು ಕಂಡು ಬೆರಳು ಅಲ್ಲಾಡಿಸಲು ಮನುಷ್ಯನಿಗೆ ಕಾಲು ಸೆಕೆಂಡ್ ಸಾಕು, ಹಾಗಾಗಿ ನಾಲ್ಕು ಸೆಕೆಂಡ್ ಅಂದ್ರೆ ಬೇಕಾದಷ್ಟಾಯ್ತು.

ನಮ್ಮ ಎನ್‌ಎಸ್‌ಜಿ (ರಾಷ್ಟ್ರೀಯ ಭದ್ರತಾ ಪಡೆ) 1984ರಲ್ಲಿ ಶುರುವಾಗಿದ್ದು ಇದೇ ಮಾದರಿಯಲ್ಲಿ. 2008ರ ನವೆಂಬರ್ 26ರ ರಾತ್ರಿ ಮುಂಬೈ ಮೇಲೆ ದಾಳಿ ಆದಾಗ ಕಮಾಂಡೋಗಳು ದೂರದ ಹರಿಯಾಣದ ಮಾನೇಸರದಲ್ಲಿದ್ದರು, ಬಂದು ಮುಟ್ಟುವಷ್ಟರಲ್ಲಿ ಬೆಳಗಾಗಿತ್ತು. ತಾಜ್ ಹೋಟೆಲಿನಲ್ಲಿ ಬೆಂಗಳೂರಿನ ಮೇಜರ್ ಸಂದೀಪ್ ಉನ್ನಿಕೃಷ್ಣನ್ ತೀರಿಕೊಂಡರು. ಮುಂದಿನ ವರ್ಷ ಮುಂಬೈ, ಚೆನ್ನೈ, ಹೈದರಾಬಾದ್, ಕೋಲ್ಕತ್ತಾಗಳಲ್ಲೂ ಎನ್‌ಎಸ್‌ಜಿ ನೆಲೆಗಳು ಬಂದವು.

ಮತ್ತೆ ಅದೇ ಟೀವಿ. ಪಾಕಿಸ್ತಾನದಲ್ಲಿ ಕೂತವರು ನಮ್ಮ ಚಾನೆಲ್‌ಗಳ ಲೈವ್ ನೋಡಿಕೊಂಡು ಫೋನಿನಲ್ಲಿ ಉಗ್ರರಿಗೆ ಸೂಚನೆ ಕೊಡ್ತಿದ್ದರು. ಇಂಥ ಕಾರ್ಯಾಚರಣೆಯನ್ನು ಲೈವ್ ತೋರಿಸುವ ಹಾಗಿಲ್ಲ ಅಂತ ನಮ್ಮ ಕೇಬಲ್ ಟೀವಿ ನಿಯಮಕ್ಕೆ ತಿದ್ದುಪಡಿ ಬಂದಿದ್ದು 2015ರಲ್ಲಿ, ಮ್ಯೂನಿಕ್ ಆಗಿ 43 ವರ್ಷಕ್ಕೆ.