ಪ್ರಾಸ್ಥೆಟಿಸ್ಟ್ ಮತ್ತು ಆರ್ಥೋಟಿಸ್ಟ್: ಇಷ್ಟುದ್ದದ ಹೆಸರಿನವರ ಕೆಲಸ ಏನು?

ಆಸ್ಪತ್ರೆಯಲ್ಲಿ ನನ್ನ ರೂಮಿನ ಬಾಗಿಲ ಮೇಲಿರುವ ಬೋರ್ಡು ಓದಲು ಹೋಗಿ ಅರ್ಧ ಜನ ಅಲ್ಲೇ ಸೋಲುತ್ತಾರೆ. ಇನ್ನರ್ಧ ಜನ 'ಆರ್ಥೋ' ಅನ್ನುವಷ್ಟು ಓದಿ, ಮೂಳೆ ಡಾಕ್ಟರ ರೂಮು ಅಂದುಕೊಂಡು ಎಕ್ಸ್‌ರೇ ಹಿಡಿದು ಒಳಗೆ ಬರುತ್ತಾರೆ. ಒಬ್ಬ ಅಜ್ಜಿ ಅಂತೂ ಹಲ್ಲಿನ ಸೆಟ್ಟು ತೆಗೆದು ಕೈಗೆ ಕೊಟ್ಟು, "ಇದು ಲೂಸಾಗಿದೆ ನೋಡಪ್ಪ" ಅಂದಿದ್ದರು. ಅಜ್ಜಿಯದು ಪೂರ್ತಿ ತಪ್ಪೇನಲ್ಲ. ಹಲ್ಲಿನ ಸೆಟ್ಟೂ ಒಂದು ಪ್ರಾಸ್ಥೆಸಿಸ್ಸೇ, ಆದರೆ ಅದನ್ನು ಮಾಡುವವರು ಹಲ್ಲಿನ ಡಾಕ್ಟರು. ನಮ್ಮದು ಕೈ, ಕಾಲು, ಬೆನ್ನು.

ಪ್ರಾಸ್ಥೆಸಿಸ್ ಅಂದರೆ ಹೋದ ಅಂಗದ ಜಾಗಕ್ಕೆ ಹಾಕುವಂಥದ್ದು. ಆರ್ಥೋಸಿಸ್ ಅಂದರೆ ಇರುವ ಅಂಗಕ್ಕೆ ಒತ್ತಾಸೆ ಕೊಡುವಂಥದ್ದು. ಎರಡೂ ಗ್ರೀಕ್ ಮೂಲದ ಪದಗಳು. ಮೊದಲನೆಯದರ ಅರ್ಥ 'ಸೇರಿಸುವುದು', ಎರಡನೆಯದರಲ್ಲಿರುವ 'ಆರ್ಥೋಸ್' ಅಂದರೆ 'ನೆಟ್ಟಗಿನ'. ತಮಾಷೆ ಅಂದರೆ ಪ್ರಾಸ್ಥೆಸಿಸ್ ಅನ್ನುವ ಮಾತು ಇಂಗ್ಲಿಷಿಗೆ 16ನೇ ಶತಮಾನದಲ್ಲಿ ಬಂದಿದ್ದು ವ್ಯಾಕರಣದ ಪದವಾಗಿ, ಕಾಲುಗೀಲು ಎಲ್ಲ ಆಮೇಲಿನ ಮಾತು. ಪದದ ಮುಂದೆ ಇನ್ನೊಂದು ಅಕ್ಷರ ಸೇರಿಸಿಕೊಳ್ಳುವುದಕ್ಕೆ ಹಾಗನ್ನುತ್ತಿದ್ದರು. ನಾವು ಸ್ಕೂಲನ್ನು 'ಇಸ್ಕೂಲು' ಮಾಡಿಕೊಂಡೆವಲ್ಲ, ಆ 'ಇ' ಅಂಥದ್ದು!

ಆರ್ಥೋಸಿಸ್ ನೀವು ನೋಡಿಯೇ ಇರುತ್ತೀರಿ, ಹೆಸರು ಗೊತ್ತಿರುವುದಿಲ್ಲ ಅಷ್ಟೇ. ಪೋಲಿಯೋ ಆದವರು ಹಾಕಿಕೊಳ್ಳುತ್ತಿದ್ದ ಕಬ್ಬಿಣದ ಕ್ಯಾಲಿಪರ್, ಸೊಂಟದ ಬೆಲ್ಟು, ಕುತ್ತಿಗೆ ಪಟ್ಟಿ, ಎಲ್ಲ ಅದೇ ಜಾತಿ. ಲಕ್ವ ಹೊಡೆದು ಪಾದ ಜೋತು ಬಿದ್ದಿದ್ದರೆ, ಹೆಜ್ಜೆ ಎತ್ತುವಾಗ ಬೆರಳು ನೆಲಕ್ಕೆ ತಾಗದ ಹಾಗೆ ಎತ್ತಿ ಹಿಡಿಯುವ ಪ್ಲಾಸ್ಟಿಕ್ ಪಟ್ಟಿಗೆ ಎಎಫ್ಓ ಅನ್ನುತ್ತಾರೆ. ಸೊಟ್ಟ ಪಾದದ ಮಗುವಿಗೆ ವಾರ ವಾರ ಪ್ಲಾಸ್ಟರ್ ಹಾಕಿ ಪಾದ ನೆಟ್ಟಗೆ ತಂದ ಮೇಲೆ, ಎರಡು ಪುಟಾಣಿ ಬೂಟಿನ ನಡುವೆ ಒಂದು ಸರಳು ಇರುವ ಬ್ರೇಸ್ ಕೊಡುತ್ತೇವೆ. ಮೊದಲ 3 ತಿಂಗಳು ದಿನಕ್ಕೆ 23 ಗಂಟೆ, ಆಮೇಲೆ ಸುಮಾರು 4 ವರ್ಷ ಆಗುವವರೆಗೆ ಮಲಗುವಾಗ ಹಾಕಬೇಕು. ಮಗು ಅಳುತ್ತೆ ಅಂತ ಅಮ್ಮ ಬಿಚ್ಚಿಡುತ್ತಾರೆ, ಪಾದ ಮತ್ತೆ ತಿರುಗಿಕೊಳ್ಳುತ್ತದೆ. ಅಮ್ಮಂದಿರನ್ನು ಬೈಯಲು ಮನಸ್ಸು ಬರುವುದಿಲ್ಲ.

ಇನ್ನು ಕೃತಕ ಕಾಲು. ಬಂದವರೆಲ್ಲ ಮೊದಲು ಕೇಳುವುದು ಪಾದ ಯಾವ ಕಂಪನಿಯದು, ಎಷ್ಟು ವರ್ಷ ಬರುತ್ತೆ ಅಂತ. ಕೇಳಬೇಕಾದ್ದು ಸಾಕೆಟ್ ಬಗ್ಗೆ. ಕತ್ತರಿಸಿ ಉಳಿದ ಕಾಲಿಗೆ ಸ್ಟಂಪ್ ಅನ್ನುತ್ತೇವೆ, ಅದು ಕೂರುವ ಬಟ್ಟಲೇ ಸಾಕೆಟ್. ಮೊಣಕಾಲಿನ ಕೆಳಗೆ ಕತ್ತರಿಸಿದ ಕಾಲು ಅಂದುಕೊಳ್ಳಿ. ಸ್ಟಂಪಿನ ತುದಿ ಸಾಕೆಟ್ಟಿನ ತಳದ ಮೇಲೆ ಕೂತು ಮೈಭಾರ ಹೊರುತ್ತದೆ ಅಂತ ಜಾಸ್ತಿ ಜನ ತಿಳಿದಿರುತ್ತಾರೆ. ಹಾಗೆ ಮಾಡಿದರೆ ಹತ್ತು ಹೆಜ್ಜೆ ಹಾಕುವುದೂ ಕಷ್ಟ. ಕತ್ತರಿಸಿದ ಮೂಳೆಯ ತುದಿ ಅಷ್ಟು ಭಾರ ತಡೆಯುವುದಿಲ್ಲ. ಮಂಡಿಚಿಪ್ಪಿನ ಕೆಳಗೆ ಬೆರಳಿಟ್ಟು ಒತ್ತಿ ನೋಡಿ, ಹಗ್ಗದ ಹಾಗೆ ಗಟ್ಟಿಯಾದ ಪಟ್ಟಿ ಸಿಗುತ್ತದೆ. ಅದು ಒತ್ತಡ ತಡೆಯುತ್ತದೆ. ಅಲ್ಲಿಂದ ಹೊರಬದಿಗೆ ಬಂದರೆ ಗುಬುಟಾದ ಒಂದು ಮೂಳೆ, ಅದರ ಪಕ್ಕದಲ್ಲೇ ನರ ಹಾದುಹೋಗುತ್ತದೆ. ಅಲ್ಲಿ ಒತ್ತಲೇಬಾರದು. ಎಲ್ಲಿ ಒತ್ತಬೇಕು, ಎಲ್ಲಿ ಬಿಡಬೇಕು, ನಮ್ಮ ವಿದ್ಯೆಯೆಲ್ಲ ಇಷ್ಟರಲ್ಲೇ ಇದೆ.

ಆ ಜಾಗಗಳನ್ನು ಸ್ಟಂಪಿನ ಮೇಲೆ ಪೆನ್ಸಿಲ್ಲಿನಲ್ಲಿ ಗುರುತು ಮಾಡಿ, ಒದ್ದೆ ಪಿಓಪಿ ಬ್ಯಾಂಡೇಜ್ ಸುತ್ತಿ, ಗಟ್ಟಿಯಾದ ಮೇಲೆ ಜಾರಿಸಿ ತೆಗೆಯುತ್ತೇವೆ. ಗುರುತು ಅದರ ಒಳಮೈಗೆ ಇಳಿದಿರುತ್ತದೆ. ಅದರೊಳಗೆ ಪಿಓಪಿ ಕಲಸಿ ಸುರಿದರೆ ಸ್ಟಂಪಿನದೇ ಅಚ್ಚು ಸಿಗುತ್ತದೆ. ಅಸಲಿ ಕೆಲಸ ಇಲ್ಲಿಂದ ಶುರು. ಒತ್ತಬೇಕಾದ ಕಡೆ ಅಚ್ಚನ್ನು ಕೆರೆಯುತ್ತೇವೆ, ಬಿಡಬೇಕಾದ ಕಡೆ ಮೇಲೆ ಇನ್ನಷ್ಟು ಪ್ಲಾಸ್ಟರ್ ಮೆತ್ತುತ್ತೇವೆ. ಓವನ್ನಿನಲ್ಲಿ ಕಾಯಿಸಿದ ಪಾಲಿಪ್ರೊಪಿಲೀನ್ ಹಾಳೆಯನ್ನು ಅದರ ಮೇಲೆ ಹೊದಿಸಿ ಗಾಳಿ ಎಳೆದರೆ ಸಾಕೆಟ್ ರೆಡಿ.

ಕೆಲಸಕ್ಕೆ ಸೇರಿದ ಹೊಸದರಲ್ಲಿ ನಾನು ಆ ಹೊರಬದಿಯ ಗುಬುಟಿಗೆ ಪ್ಲಾಸ್ಟರ್ ಕಡಿಮೆ ಮೆತ್ತಿದ್ದೆ. ಮೂರನೇ ದಿನ ಆ ಮನುಷ್ಯ ಊರುಗೋಲಿನಲ್ಲಿ, ಕಾಲನ್ನು ಬ್ಯಾಗಿನಲ್ಲಿ ಹಾಕಿಕೊಂಡು ಬಂದರು. "ಕಾಲು ಚೆನ್ನಾಗಿದೆ ಸಾರ್, ಹಾಕ್ಕೊಳ್ಳೋಕೆ ಆಗ್ತಿಲ್ಲ ಅಷ್ಟೇ" ಅಂದರು. ಅವತ್ತಿನಿಂದ ಆ ಜಾಗವನ್ನು ಎರಡೆರಡು ಸಲ ಮುಟ್ಟಿ ನೋಡುತ್ತೇನೆ.

'ಜೈಪುರ ಕಾಲು' ಅನ್ನುವುದರಲ್ಲೂ ಸಣ್ಣ ಗೊಂದಲ ಇದೆ. ಅದು ಇಡೀ ಕಾಲಿನ ಹೆಸರಲ್ಲ, ಪಾದದ ಹೆಸರು. ಆಗ ಸಿಗುತ್ತಿದ್ದ ವಿದೇಶಿ ಮಾದರಿಯ ಪಾದಕ್ಕೆ ಬೂಟು ಬೇಕಿತ್ತು, ಕುಕ್ಕರುಗಾಲಲ್ಲಿ ಕೂರಲು ಆಗುತ್ತಿರಲಿಲ್ಲ. ಮನೆಗೆ ಹೊಕ್ಕರೂ ದೇವಸ್ಥಾನಕ್ಕೆ ಹೋದರೂ ಚಪ್ಪಲಿ ಬಿಡುವ ನಮಗೆ ಅದೆಲ್ಲಿ ಸರಿಹೋಗಬೇಕು? 1968ರಲ್ಲಿ ಜೈಪುರದಲ್ಲಿ ಕುಶಲಕರ್ಮಿ ರಾಮಚಂದ್ರ ಶರ್ಮಾ ಮತ್ತು ಮೂಳೆ ಡಾಕ್ಟರ್ ಪಿ.ಕೆ. ಸೇಥಿ ಸೇರಿ ರಬ್ಬರಿನ ಪಾದ ತಂದರು. ಬರಿಗಾಲಲ್ಲೂ ನಡೆಯಬಹುದು, ಗದ್ದೆಗೂ ಇಳಿಯಬಹುದು. ಸೇಥಿ ಅವರಿಗೆ 1981ರಲ್ಲಿ ಮ್ಯಾಗ್ಸೆಸೆ ಪ್ರಶಸ್ತಿ ಬಂತು. ನನ್ನ ಮಟ್ಟಿಗೆ ಈ ಕಸುಬಿನ ಹಿರಿಯರು ಶರ್ಮಾ ಅವರೇ.

ಈಗ ಇದಕ್ಕೆ ಬಿಪಿಓ, ಅಂದರೆ ಬ್ಯಾಚುಲರ್ ಇನ್ ಪ್ರಾಸ್ಥೆಟಿಕ್ಸ್ ಅಂಡ್ ಆರ್ಥೋಟಿಕ್ಸ್ ಅನ್ನುವ ಡಿಗ್ರಿ ಇದೆ, ಇಂಟರ್ನ್‌ಶಿಪ್ ಸೇರಿ ನಾಲ್ಕೂವರೆ ವರ್ಷ. (ಕಾಲ್ ಸೆಂಟರ್ ಅಲ್ಲ ಮಾರಾಯ್ರೆ, ಮದುವೆಗೆ ಹೆಣ್ಣು ನೋಡಲು ಹೋದಲ್ಲೆಲ್ಲ ಇದನ್ನೇ ಹೇಳಿ ಸಾಕಾಗಿದೆ.) ಬೆಂಗಳೂರಿನ ಮೊಬಿಲಿಟಿ ಇಂಡಿಯಾದಲ್ಲೂ ಈ ಕೋರ್ಸ್ ಇದೆ. ಓದಿದ ಮೇಲೆ ಭಾರತೀಯ ಪುನರ್ವಸತಿ ಪರಿಷತ್ತಿನಲ್ಲಿ ಹೆಸರು ನೋಂದಾಯಿಸಲೇಬೇಕು. ಕಾಲು ಹಾಕಿಸಿಕೊಳ್ಳುವ ಮೊದಲು ಆ ನಂಬರ್ ಕೇಳಿ, ಯಾರೂ ಬೇಜಾರು ಮಾಡಿಕೊಳ್ಳುವುದಿಲ್ಲ.

ಆಸ್ಪತ್ರೆಯಲ್ಲಿ ವಿಚಾರಿಸುವಾಗ ಇಡೀ ಹೆಸರು ಹೇಳಬೇಕಿಲ್ಲ, "ಪಿ ಅಂಡ್ ಓ ಎಲ್ಲಿ?" ಅಂದರೆ ಸಾಕು. ಬರುವಾಗ ದಿನಾ ಹಾಕುವ ಚಪ್ಪಲಿಯನ್ನೇ ಹಾಕಿಕೊಂಡು ಬನ್ನಿ, ಕತ್ತರಿಸಿದ ಕಾಲಿನ ಚಪ್ಪಲಿಯನ್ನೂ ತನ್ನಿ. ಹಿಮ್ಮಡಿಯ ಎತ್ತರ ನೋಡಿಯೇ ನಾವು ಕಾಲು ಕೂರಿಸುವುದು.